ಅಕ್ಕನ ಬೆನ್ನಿನಿಂದ ತಮ್ಮನ ಹೊಟ್ಟೆಗೆ

ನಾನು ಒಂದು ಮೂತ್ರಪಿಂಡ. ಉದ್ದದಲ್ಲಿ ಅಂಗೈಯಷ್ಟು, ಆಕಾರದಲ್ಲಿ ಅವರೆಕಾಳಿನಂತೆ. ಹೃದಯದ ಮೇಲೆ ಹಾಡು ಕಟ್ಟಿದ ಹಾಗೆ ನನ್ನ ಮೇಲೆ ಯಾರೂ ಕಟ್ಟಿಲ್ಲ. ನನ್ನ ಹೆಸರು ಒಂದು ಮನೆಯಲ್ಲಿ ಕೇಳಿಬಂತೆಂದರೆ ಆ ಮನೆಗೆ ಕಷ್ಟ ಬಂದಿದೆ ಎಂದೇ ಅರ್ಥ.

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಖಣ ನೇಯುವವರ ಮನೆಯಲ್ಲಿ. ಖಣವೆಂದರೆ ನಮ್ಮ ಕಡೆಯ ಹೆಂಗಸರು ಕುಪ್ಪಸ ಹೊಲಿಸಿಕೊಳ್ಳುವ ಅಂಚಿನ ಬಟ್ಟೆ. ಮುಂದೆ ನೀಲಗಂಗವ್ವ ಎಂದು ಹೆಸರಾಗಲಿದ್ದ ಒಂದು ಹೆಣ್ಣುಕೂಸಿನ ಬೆನ್ನಿನೊಳಗೆ, ಅದು ಇನ್ನೂ ತಾಯಿಯ ಬಸಿರಿನಲ್ಲಿದ್ದಾಗಲೇ, ನಾವಿಬ್ಬರು ರೂಪುಗೊಂಡೆವು. ಬಲಕ್ಕೆ ನನ್ನ ಜೊತೆಗಾರ, ಎಡಕ್ಕೆ ನಾನು. ರಕ್ತ ಬರುತ್ತಿತ್ತು, ಸೋಸುತ್ತಿದ್ದೆವು. ಒಳ್ಳೆಯದನ್ನು ಹಿಂದಕ್ಕೆ ಕಳಿಸಿ ಕೆಟ್ಟದ್ದನ್ನು ನೀರಿನಲ್ಲಿ ಹೊರಗೆ ಬಿಡುತ್ತಿದ್ದೆವು. ಕಣ್ಣಿಲ್ಲದ ನಮಗೆ ರಕ್ತ ತರುವ ಸುದ್ದಿಯೇ ಪತ್ರಿಕೆ. ಯಜಮಾನಿ ಹೆದರಿದರೆ, ಹಸಿದರೆ, ಅತ್ತರೆ ರಕ್ತದ ರುಚಿ ಬದಲಾಗುತ್ತಿತ್ತು. ಮಾತು ಎಲುಬಿನಲ್ಲಿ ಗುಂಯ್ಗುಟ್ಟಿ ನಮ್ಮವರೆಗೆ ಇಳಿದು ಬರುತ್ತಿತ್ತು.

ನೀಲಗಂಗವ್ವ ಹನ್ನೆರಡನೆಯ ವಯಸ್ಸಿಗೆ ಮಗ್ಗಕ್ಕೆ ಕುಳಿತಳು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವಳು ತುಳಿಯುವಾಗ ನಾವಿಬ್ಬರೂ ತೊಟ್ಟಿಲಲ್ಲಿದ್ದಂತೆ ತೂಗುತ್ತಿದ್ದೆವು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡು ಅವಳು ತವರಿಗೆ ಬಂದಾಗ ಅವ್ವ ಹಾಸಿಗೆ ಹಿಡಿದಿದ್ದಳು, ತಮ್ಮ ಮಾಗುಂಡಪ್ಪನಿಗೆ ಎಂಟು ವರ್ಷ. ಅವ್ವ ಹೋದ ಮೇಲೆ ಆ ಹುಡುಗನಿಗೆ ಉಣಿಸಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಮೂಗು ಹಿಡಿದು ಔಷಧ ಕುಡಿಸಿದ್ದು ಎಲ್ಲವೂ ಅಕ್ಕನೇ. ಅವನು ಔಷಧ ಉಗುಳಿದರೆ ಅವಳು ಬೈಯುತ್ತಿರಲಿಲ್ಲ. ಮತ್ತೆ ಅಷ್ಟೇ ಅಳೆದು ಕುಡಿಸುತ್ತಿದ್ದಳು.

ಅವನಿಗೆ ಮೂವತ್ತೊಂದಾದಾಗ ಮುಖ ಬಾತುಕೊಂಡಿತು. ಮೊದಲು ಉಪ್ಪು ಹೆಚ್ಚಾಯಿತೆಂದರು, ನಿದ್ದೆ ಕಡಿಮೆಯಾಯಿತೆಂದರು. ಬಾಗಲಕೋಟೆಯಲ್ಲಿ ರಕ್ತ ನೋಡಿದ ಮೇಲೆ ತಿಳಿಯಿತು, ಅವನ ಎರಡೂ ಮೂತ್ರಪಿಂಡಗಳು ಒಣಗಿ ಚಿಕ್ಕವಾಗಿದ್ದವು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಚ್ಚಿ ರಕ್ತ ಸೋಸತೊಡಗಿದರು. ಒಂದು ದಿನ ಡಯಾಲಿಸಿಸ್, ಮರುದಿನ ಸುಸ್ತು, ಆಮೇಲೆ ಒಂದು ದಿನ ಮನುಷ್ಯ, ಮತ್ತೆ ಡಯಾಲಿಸಿಸ್. ಮಗ್ಗದ ಮೇಲೆ ಅರ್ಧ ನೇಯ್ದ ಖಣ ಧೂಳು ಹಿಡಿಯಿತು.

ನೀಲಗಂಗವ್ವನ ರಕ್ತ ಅವನ ರಕ್ತಕ್ಕೆ ಹೊಂದುತ್ತದೆ ಎಂದು ಗೊತ್ತಾದ ದಿನ ನಮ್ಮಿಬ್ಬರಿಗೂ ಅವಳ ರಕ್ತದಲ್ಲಿ ಬಂದದ್ದು ಭಯವಲ್ಲ, ಹಬ್ಬದ ಹಿಂದಿನ ದಿನದಂಥ ಗಡಿಬಿಡಿ. ಅಂಗ ಕೊಡುವವರನ್ನು ವಿಚಾರಿಸುವ ಸಮಿತಿಯ ಮುಂದೆ ಅವಳನ್ನು ಕೂಡಿಸಿದರು. ನಿಮಗೆ ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಅಧಿಕಾರಿಯೊಬ್ಬರು ಕೇಳಿದರು.

"ಒತ್ತಾಯ ನಾನ ಮಾಡೇನ್ರಿ ಸಾಹೇಬ್ರ. ಇಂವ ಬ್ಯಾಡ ಬ್ಯಾಡ ಅಂತ ಮೂರ ತಿಂಗಳ ಕುಂತಿದ್ದ."

"ನಿಮಗೆ ಒಂದೇ ಉಳಿಯುತ್ತದೆ. ತಿಳಿದಿದೆಯಾ?"

"ಎರಡ ಮಗ್ಗ ಇದ್ದ ಮನ್ಯಾಗ ಒಂದ ತಮ್ಮಗ ಕೊಟ್ರ ಅಕ್ಕ ಉಪವಾಸ ಬೀಳ್ತಾಳೇನ್ರಿ?"

ಅಧಿಕಾರಿ ನಕ್ಕು ಸಹಿ ಹಾಕಿದರಂತೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆ ಕೆಲಸ ಆಯಿತು. ಅಕ್ಕನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಅವಳ ಪಾದ ಹೊದಿಕೆಯ ಹೊರಗೆ ಉಳಿದಿತ್ತು. ಗಾಲಿಮಂಚ ತಳ್ಳುತ್ತಿದ್ದ ಹೆಂಗಸು ನಿಂತು, ಆ ಪಾದಗಳನ್ನು ಮುಚ್ಚಿ, ಅಂಚನ್ನು ಹಿಮ್ಮಡಿಯ ಕೆಳಗೆ ಸೇರಿಸಿದಳು. ಅಷ್ಟರಿಂದ ಅಕ್ಕನ ರಕ್ತ ಎಷ್ಟು ಶಾಂತವಾಯಿತೆಂಬುದು ನನಗೆ ಗೊತ್ತು. ಆಮೇಲೆ ಕತ್ತರಿ. ನಲವತ್ತೈದು ವರ್ಷ ನನ್ನನ್ನು ಬೆಚ್ಚಗಿಟ್ಟಿದ್ದ ಹೊಳೆ ನಿಂತುಹೋಯಿತು. ನನ್ನೊಳಗಿನ ರಕ್ತವನ್ನು ತೊಳೆದು, ತಣ್ಣನೆಯ ನೀರು ತುಂಬಿ, ಮಂಜುಗಡ್ಡೆಯ ಬಟ್ಟಲಲ್ಲಿ ಇಟ್ಟರು. ಜೊತೆಗಾರನಿಗೆ ಹೋಗಿಬರುತ್ತೇನೆ ಎಂದು ಹೇಳಲೂ ಆಗಲಿಲ್ಲ.

ಎಚ್ಚರವಾದಾಗ ಬೇರೆಯವರ ರಕ್ತ ನನ್ನೊಳಗೆ ಹರಿಯುತ್ತಿತ್ತು. ಮಾಗುಂಡಪ್ಪನ ರಕ್ತ, ಕಹಿ, ಹುಳಿ, ವರ್ಷಗಟ್ಟಲೆ ಕಸ ಗುಡಿಸದ ಮನೆಯಂಥದ್ದು. ನನಗೆ ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ, ಕೆಲಸಕ್ಕೆ ನಿಂತೆ. ಮೊದಲ ಹನಿ ಬಿದ್ದಾಗ ನನ್ನ ಮೇಲೆ ಬಗ್ಗಿದ್ದ ಒಬ್ಬರು ಮೆಲ್ಲಗೆ "ಬಂತು" ಎಂದರು.

ನನ್ನನ್ನು ಇಟ್ಟದ್ದು ಬೆನ್ನಿನಲ್ಲಲ್ಲ, ಹೊಟ್ಟೆಯ ಕೆಳಭಾಗದಲ್ಲಿ, ಬಲಕ್ಕೆ. ಪಕ್ಕದಲ್ಲೇ ದೊಡ್ಡ ಕರುಳು ಶುರುವಾಗುವ ಜಾಗ, ಗೋಡೆಗೆ ಗೋಡೆ ಹತ್ತಿದ ಮನೆಯಂತೆ. ಬೆನ್ನಿನ ಏಕಾಂತದಲ್ಲಿ ಬದುಕಿದ್ದ ನನಗೆ ಆ ಗೋಡೆಯ ಆಚೆಯ ಗದ್ದಲ ಕೇಳಿ ದಿಗಿಲಾಯಿತು. ಅಲ್ಲಿ ಕೋಟಿ ಕೋಟಿ ಜನ ವಾಸವಾಗಿದ್ದರು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಮಾಗುಂಡಪ್ಪ ತಿಂದ ಜೋಳದ ರೊಟ್ಟಿಯ ನಾರು, ಪುಂಡಿಪಲ್ಯದ ದಂಟು, ಕಾಳಿನ ಸಿಪ್ಪೆ, ಹೊಟ್ಟೆ ಬೇಡವೆಂದು ಬಿಟ್ಟದ್ದೆಲ್ಲ ಅವರಿಗೆ ಊಟ. ಉಂಡು ಸುಮ್ಮನಿರುವವರಲ್ಲ ಅವರು. ಕರುಳಿನ ಗೋಡೆಗೆ ಬೇಕಾದ ಪೋಷಣೆಯನ್ನು ತಾವೇ ತಯಾರಿಸಿ ಕೊಡುತ್ತಿದ್ದರು. ಹೀಗೆ ತಲೆಮಾರುಗಳಿಂದ ಒಕ್ಕಲಿದ್ದವರು.

ನನಗೆ ನಿಜವಾದ ಅಪಾಯವಿದ್ದದ್ದು ಅವರಿಂದಲ್ಲ. ರಕ್ತದಲ್ಲಿ ತಿರುಗುವ ಬಿಳಿಯ ಕಾವಲುಗಾರರಿಂದ. ಅವರು ಪ್ರತಿಯೊಂದು ಬಾಗಿಲಿಗೂ ಬಂದು ಕೇಳುತ್ತಾರೆ: ನೀ ಯಾರ ಪೈಕಿ? ಅಕ್ಕ ತಮ್ಮ ಒಂದೇ ತಾಯಿಯ ಮಕ್ಕಳಾದರೂ ನನ್ನ ಗುರುತು ಅವರಿಗೆ ಪೂರ್ತಿ ಹೊಂದುವುದಿಲ್ಲ. ಹೊಂದದಿದ್ದರೆ ಮನೆಗೆ ಬೆಂಕಿ. ಅದಕ್ಕೇ ಮಾಗುಂಡಪ್ಪ ಜೀವಮಾನವಿಡೀ ಗುಳಿಗೆ ನುಂಗಬೇಕಿತ್ತು. ಮುಖ್ಯವಾದದ್ದು ಟ್ಯಾಕ್ರೋಲಿಮಸ್, ಕಾವಲುಗಾರರನ್ನು ಮಂಪರಿನಲ್ಲಿಡುವುದು. ಅದು ಕಡಿಮೆಯಾದರೆ ಅವರು ಎದ್ದು ನನ್ನ ಮೇಲೆ ಬೀಳುತ್ತಾರೆ. ಹೆಚ್ಚಾದರೆ ಅದೇ ಗುಳಿಗೆ ನನ್ನ ರಕ್ತನಾಳಗಳನ್ನು ಹಿಂಡುತ್ತದೆ. ಎರಡು ಗೆರೆಗಳ ನಡುವೆ ಸಣ್ಣ ಓಣಿ; ಆ ಓಣಿಯಲ್ಲಿ ನನ್ನ ಜೀವ. ಎರಡನೆಯ ಗುಳಿಗೆ ಮೈಕೋಫಿನೊಲೇಟ್, ಕಾವಲುಗಾರರ ಸಂಖ್ಯೆ ಬೆಳೆಯದಂತೆ ನೋಡುವುದು.

ಈ ಗುಳಿಗೆಗಳಿಗೂ ಗೋಡೆಯಾಚೆಯ ನೆರೆಯವರಿಗೂ ಒಂದು ವ್ಯವಹಾರವಿತ್ತು. ಟ್ಯಾಕ್ರೋಲಿಮಸ್ಸಿನಲ್ಲಿ ಅವರ ಒಂದು ಗುಂಪು ತನ್ನ ಪಾಲು ತಿಂದು, ಕೆಲಸಕ್ಕೆ ಬಾರದ ಪುಡಿ ಮಾಡಿ ಬಿಡುತ್ತಿತ್ತು. ಡಾಕ್ಟರು ನನಗೆಂದು ಅಳೆದ ಪ್ರಮಾಣ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಅವರ ಪಾಲು ಕಳೆದ ಮೇಲೆ ಉಳಿದದ್ದೇ ಆಗಿತ್ತು. ಮೈಕೋಫಿನೊಲೇಟಿನ ವಿಷಯದಲ್ಲಿ ಇನ್ನೊಂದು ಗುಂಪಿನ ಚೇಷ್ಟೆ. ಕೆಲಸ ಮುಗಿದ ಆ ಔಷಧವನ್ನು ಯಕೃತ್ತು ಪೊಟ್ಟಣ ಕಟ್ಟಿ ಕರುಳಿಗೆ ಎಸೆಯುತ್ತದೆ, ಹೊರಗೆ ಹೋಗಲೆಂದು. ಇವರು ಆ ಪೊಟ್ಟಣ ಬಿಚ್ಚುತ್ತಾರೆ. ಬಿಚ್ಚಿದರೆ ಔಷಧಕ್ಕೆ ಮತ್ತೆ ಜೀವ ಬಂದು ಕರುಳಿನ ಗೋಡೆಯನ್ನು ಸುಡುತ್ತದೆ. ಅವರಿಗೆ ದ್ವೇಷವಿರಲಿಲ್ಲ. ಪೊಟ್ಟಣ ಕಂಡರೆ ಬಿಚ್ಚುವುದು ಅವರ ಸ್ವಭಾವ.

ಮೊದಲ ವರ್ಷ ಸುಖವಾಗಿತ್ತು. ಮಾಗುಂಡಪ್ಪ ಮಗ್ಗಕ್ಕೆ ಕುಳಿತ. ಎದುರಿನ ಮಗ್ಗದಲ್ಲಿ ಅಕ್ಕ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮೊಬೈಲು ಕೂಗುತ್ತಿತ್ತು. ಅಕ್ಕ ಗುಳಿಗೆ ಮತ್ತು ನೀರು ಹಿಡಿದು ಬರುತ್ತಿದ್ದಳು. ಇಂಗ್ಲಿಷ್ ಹೆಸರು ಓದಲು ಬಾರದಿದ್ದರೂ ಬಣ್ಣದಿಂದ ಅವಳಿಗೆ ಎಲ್ಲ ಗುರುತು.

"ಮೂವತ್ತಮೂರ ವರ್ಷದಾಂವಗ ಇನ್ನೂ ಅಕ್ಕ ಗುಳಗಿ ತಿನಸಬೇಕು," ಎಂದು ಪಕ್ಕದ ಮನೆಯ ಕಾಶೀಬಾಯಿ ಚೇಷ್ಟೆ ಮಾಡುತ್ತಿದ್ದರು.

"ನನ್ನ ಕಿಡ್ನಿ ಅಂವನ ಹೊಟ್ಯಾಗ ಕುಂತೈತಲ್ಲ ಕಾಶವ್ವ, ಅದಕ್ಕ ಊಟ ಕೊಡಾಕತ್ತೀನಿ. ಅಂವಗೇನ ಮಾಡೂದೈತಿ," ಎನ್ನುತ್ತಿದ್ದಳು ಅಕ್ಕ.

ಎರಡನೆಯ ವರ್ಷದ ಬೇಸಗೆಯಲ್ಲಿ ಆ ಪೊಟ್ಟಣ ಬಿಚ್ಚುವವರ ಕೈ ಮೇಲಾಯಿತು. ಕರುಳಿನ ಗೋಡೆ ಕೆಂಪೇರಿತು. ಮಾಗುಂಡಪ್ಪನಿಗೆ ಭೇದಿ ಹತ್ತಿತು. ಮೊದಲ ದಿನ ನಾಲ್ಕು ಸಲ, ಮರುದಿನ ಏಳು. ಬೆಳಿಗ್ಗೆ ಎಂಟಕ್ಕೆ ಗುಳಿಗೆ ನುಂಗಿ ಅರ್ಧ ತಾಸಿಗೆ ಅವನು ಹಿತ್ತಲಿಗೆ ಓಡಿದ್ದನ್ನು ಅಕ್ಕ ನೋಡಿದಳು. ಅವನು ಬರುವಷ್ಟರಲ್ಲಿ ಮತ್ತೊಂದು ಟ್ಯಾಕ್ರೋಲಿಮಸ್ ಗುಳಿಗೆ ಹಿಡಿದು ನಿಂತಿದ್ದಳು.

"ಹೊಳ್ಳಿ ನುಂಗು. ಮೊದಲಿಂದ ಹೊಟ್ಯಾಗ ನಿಂತಿಲ್ಲ."

"ಅಕ್ಕಾ, ಡಾಕ್ಟರ್‌ಗೆ ಒಂದ ಫೋನ್ ಮಾಡಿ ಕೇಳೋಣೇನು?"

"ಇದರಾಗ ಕೇಳೂದೇನೈತೋ? ನೇಯೂವಾಗ ಅಡ್ಡ ಎಳಿ ಹರೀತಂದ್ರ ಏನ್ ಮಾಡತೀವಿ? ಹಿಂದಕ್ಕ ಸರದು ಅದ ಸಂದಿಗೆ ಹೊಳ್ಳಿ ಎಳಿ ಹಾಕತೀವಿಲ್ಲ? ಹಾಕಲಿಲ್ಲಂದ್ರ ಬಟ್ಟ್ಯಾಗ ಬಿರಕ ಉಳೀತೈತಿ. ಒಂದ ಗುಳಗಿ ತಪ್ಪಿದ್ರ ಕಿಡ್ನಿ ಹೋಗತೈತಿ ಅಂತ ಅವರ ಹೇಳ್ಯಾರ. ನುಂಗು."

ಅವನು ನುಂಗಿದ. ದೊಡ್ಡವನಾದ ಮೇಲೆ ಅಕ್ಕ ಕೊಟ್ಟದ್ದನ್ನು ಅವನು ಯಾವತ್ತೂ ಬೇಡವೆಂದವನಲ್ಲ. ನನ್ನೊಬ್ಬನನ್ನು ಮಾತ್ರ ಮೂರು ತಿಂಗಳು ಬೇಡವೆಂದಿದ್ದ.

ಇಲ್ಲಿ ನಾನೊಂದು ಮಾತು ಹೇಳಬೇಕು. ಹೊಟ್ಟೆ ಕೆಟ್ಟರೆ ಗುಳಿಗೆ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ಲೆಕ್ಕ. ಟ್ಯಾಕ್ರೋಲಿಮಸ್ಸಿನ ಮಟ್ಟಿಗೆ ಅದು ತಲೆಕೆಳಗು. ಕರುಳಿನ ಗೋಡೆ ಗಟ್ಟಿಯಾಗಿದ್ದಾಗ ಅಲ್ಲಿ ಬಾಗಿಲು ಕಾಯುವವರಿದ್ದು, ಬಂದ ಔಷಧದಲ್ಲಿ ಬಹುಪಾಲನ್ನು ಹಿಂದಕ್ಕೆ ತಳ್ಳುತ್ತಾರೆ, ಮುರಿದು ಹಾಕುತ್ತಾರೆ. ಗೋಡೆ ಉರಿದಾಗ ಆ ಬಾಗಿಲುಗಳು ಹಾರು ಹೊಡೆದಿರುತ್ತವೆ. ಆಗ ಎಂದಿಗಿಂತ ಹೆಚ್ಚು ಔಷಧ ರಕ್ತಕ್ಕೆ ನುಗ್ಗುತ್ತದೆ. ಭೇದಿಯೇ ಒಂದು ಪಾಲು ಹೆಚ್ಚಿಸಿತ್ತು; ಅಕ್ಕನ ಕೈ ಮತ್ತೊಂದು ಪಾಲು ಸೇರಿಸಿತು. ಮೂರು ದಿನ ಹೀಗೆ ನಡೆಯಿತು.

ಮೂರನೆಯ ದಿನ ಕಾಶೀಬಾಯಿ ಬಂದರು. ಅವರ ಸೆರಗಿನ ಗಂಟಿನಲ್ಲಿ ಹಳದಿ ಗುಳಿಗೆಯ ಅರ್ಧ ಹಾಳೆಯಿತ್ತು.

"ನಮ್ಮ ಮನಿಯವ್ರಿಗೆ ಹೊಟ್ಟಿ ಕೆಟ್ಟಾಗ ಇವನ ಕೊಟ್ಟಿದ್ರು. ಎರಡ ದಿನದಾಗ ಗಟ್ಟಿ ಆತು. ಉಳದಿದ್ದು ಇಟಗೊಂಡಿದ್ನಿ, ಯಾರಿಗರೆ ಬೇಕಾಗತಾವಂತ," ಎಂದು ಅಕ್ಕನ ಕೈಗೆ ಹಾಕಿದರು. ಬರುವಾಗ ಒಂದು ತಂಬಿಗೆ ಗಂಜಿಯನ್ನೂ ತಂದಿದ್ದರು, ಸೋಸಿ, ಆರಿಸಿ, ಉಪ್ಪು ನೋಡಿ.

ಅಕ್ಕ ತಿನ್ನಿಸಿದ ಆ ಹಳದಿ ಗುಳಿಗೆ ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಂಥದ್ದು. ಗೋಡೆಯ ಆಚೆ ಏನಾಯಿತೆಂದು ನಾನು ಹೇಗೆ ಹೇಳಲಿ? ಸಂತೆಯಂತೆ ಗದ್ದಲವಿದ್ದ ಜಾಗ ಎರಡು ದಿನದಲ್ಲಿ ಮೌನವಾಯಿತು. ಪೊಟ್ಟಣ ಬಿಚ್ಚುವವರು ಹೋದರು, ಭೇದಿ ಕಡಿಮೆಯಾಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಟ್ಯಾಕ್ರೋಲಿಮಸ್ಸಿನಲ್ಲಿ ಪಾಲು ತಿನ್ನುತ್ತಿದ್ದವರೂ ಹೋಗಿದ್ದರು. ಅವರು ಬಿಟ್ಟುಹೋದ ಪಾಲೂ ನನ್ನ ಕಡೆಗೇ ಹರಿದು ಬಂತು. ಜೊತೆಗೆ ಆ ಹಳದಿ ಗುಳಿಗೆ, ಟ್ಯಾಕ್ರೋಲಿಮಸ್ಸನ್ನು ಮುರಿದು ಹಾಕುವ ಯಕೃತ್ತಿನ ಕೈಯನ್ನೂ ಕಟ್ಟಿಹಾಕಿತ್ತು. ನನ್ನ ನಾಳಗಳು ಹಿಂಡಿಕೊಂಡವು. ಒಳಗೆ ಬರುವ ರಕ್ತ ದಾರದಂತೆ ಸಣ್ಣದಾಯಿತು. ನಾನು ಕೂಗಿಕೊಂಡೆ. ಮೂತ್ರಪಿಂಡದ ಕೂಗಿಗೆ ಸದ್ದಿಲ್ಲ; ನೀರು ಕಡಿಮೆಯಾಗುತ್ತದೆ, ಅಷ್ಟೇ.

ಐದನೆಯ ದಿನ ಮಾಗುಂಡಪ್ಪ ಮಗ್ಗಕ್ಕೆ ಕುಳಿತು ಹರಿದ ಎಳೆಯೊಂದನ್ನು ಗಂಟು ಹಾಕಲು ಹೋದ. ಬೆರಳು ನಿಲ್ಲಲಿಲ್ಲ. ಮೂರು ಸಲ ಪ್ರಯತ್ನಿಸಿ ಕೈಯನ್ನು ತೊಡೆಯ ಕೆಳಗೆ ಅಡಗಿಸಿದ.

"ಕೈ ಯಾಕ ನಡಗಾಕತ್ತೈತಿ?" ಎದುರಿನಿಂದ ಅಕ್ಕ ಕೇಳಿದಳು.

"ಸುಸ್ತ ಆಗಿರಬೇಕು."

ಅಕ್ಕ ಮಗ್ಗದಿಂದ ಎದ್ದಳು. ಆ ದಿನವೇ ಹುಬ್ಬಳ್ಳಿಯ ಬಸ್ಸು ಹಿಡಿದರು.

ಡಾಕ್ಟರ್ ರೇವತಿ ರಕ್ತದ ಫಲಿತಾಂಶ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇರಬೇಕಾದದ್ದರ ಮೂರು ಪಟ್ಟು ಔಷಧವಿತ್ತು. ಅಕ್ಕ ಎಳನೀರು ತರಲೆಂದು ಕೆಳಗೆ ಹೋಗಿದ್ದಳು.

"ಗುಳಿಗಿ ಹೆಂಗ ತಗೊಂಡ್ರಿ ಹೇಳ್ರಿ."

ಮಾಗುಂಡಪ್ಪ ಅಕ್ಕನ ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದ. "ನಾನ ಹೊಳ್ಳಿ ನುಂಗಿದೆನ್ರಿ. ಹೊಟ್ಯಾಗ ನಿಂತಿಲ್ಲಂತ ತಿಳದು."

"ಗುಳಿಗಿ ಡಬ್ಬಿ ನಿಮ್ಮ ಹತ್ರ ಇರ್ತದೇನು?"

ಅವನು ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದ. ಡಾಕ್ಟರಿಗೆ ತಿಳಿಯಿತು. ಅವರು ಬೈಯಲಿಲ್ಲ. ಒಂದು ಕಾಗದ ತೆಗೆದು ಕರುಳು, ಗೋಡೆ, ರಕ್ತ ಎಂದು ಗೆರೆ ಎಳೆದು, ಭೇದಿಯಾದಾಗ ಈ ಔಷಧ ಹೇಗೆ ಹೆಚ್ಚಾಗುತ್ತದೆ ಎಂದು ತೋರಿಸಿದರು.

"ಇನ್ನೊಂದು ಮಾತದ. ನಿಮ್ಮ ಕರುಳಿನ್ಯಾಗ ಬ್ಯಾಕ್ಟೀರಿಯಾ ಇರ್ತಾವಲ್ಲ, ಅವುಗಳೊಳಗ ಕೆಲವು ಈ ಔಷಧ ಮುರೀತಾವ ಅಂತ ಪ್ರಯೋಗಶಾಲೆಯೊಳಗ ಕಂಡದ. ಮನಷ್ಯಾರೊಳಗ ಎಷ್ಟರಮಟ್ಟಿಗೆ ಅಂತ ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ, ಕಲೀಲಿಕ್ಕತ್ತೇವಿ. ನೀವು ಅವನ್ನ ಕೊಂದೀರಿ. ಈಗ ಡೋಸ್ ಇಳಸ್ತೇನಿ. ಆದ್ರ ಅವು ನಿಧಾನಕ್ಕ ಹೊಳ್ಳಿ ಬರ್ತಾವ, ಗೋಡೆನೂ ಮಾಯ್ತದ. ಆವಾಗ ಇದ ಡೋಸ್ ಕಡಿಮಿ ಬೀಳ್ತದ. ಅದಕ್ಕ ಪ್ರತಿ ಸೋಮವಾರ ಬಂದು ರಕ್ತ ಕೊಡಬೇಕು. ತಪ್ಪಸಬಾರದು."

"ಬರತೀನ್ರಿ." ಅವನು ಬಾಗಿಲ ಕಡೆ ನೋಡಿದ. "ಡಾಕ್ಟ್ರ, ನಮ್ಮ ಅಕ್ಕಗ ಈ ಎರಡನೇ ಗುಳಗಿ ಮಾತ ಹೇಳಬ್ಯಾಡ್ರಿ. ಆಕಿ ತನ್ನ ಕೈಲೆ ಕೊಟ್ಟಿದ್ದನ್ನ ತನ್ನ ಕೈಲೆ..."

"ಇನ್ನ ಮ್ಯಾಲೆ ಫೋನ್ ಮಾಡದ ಏನೂ ಬದಲು ಮಾಡಬ್ಯಾಡ್ರಿ ಅಂತಷ್ಟ ಹೇಳ್ತೇನಿ. ಆತಿಲ್ಲ?" ಎಂದು ಡಾಕ್ಟರು ಅವನ ಕೈ ಮೇಲೆ ಕೈಯಿಟ್ಟರು.

ಎಂಟು ದಿನಕ್ಕೆ ನಡುಕ ನಿಂತಿತು. ನನ್ನ ನಾಳಗಳು ಸಡಿಲಾದವು. ಕಡಿಮೆ ಡೋಸಿನೊಂದಿಗೆ ಊರಿಗೆ ಬಂದೆವು. ಮೊದಲ ಸೋಮವಾರ ಅಕ್ಕನೂ ಜೊತೆಗೆ ಬಂದಳು. ಡಾಕ್ಟರ್ ರೇವತಿ ರಜೆಯಲ್ಲಿದ್ದರು, ಬೇರೆ ಎಳೆಯ ಡಾಕ್ಟರೊಬ್ಬರು ಕಡತ ತೆರೆದು, "ಡಬಲ್ ಡೋಸ್ ತಗೊಂಡವರು ನೀವೇನಾ?" ಎಂದು ಕೇಳಿಯೇಬಿಟ್ಟರು. ಅಕ್ಕ ಆಗ ಚೀಟಿಯ ಕಿಟಕಿಯ ಹತ್ತಿರ ನಿಂತಿದ್ದಳು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡ ಮಾಗುಂಡಪ್ಪ. ಆದರೆ ಅವನ ರಕ್ತ ನನ್ನೊಳಗೆ ಸುತ್ತಿಗೆಯಂತೆ ಬಡಿಯಿತು.

ಮುಂದಿನ ಸೋಮವಾರ ಅಕ್ಕ ಬೆಳಿಗ್ಗೆಯೇ ಸೀರೆ ಉಟ್ಟು ತಯಾರಾದಳು. ಅವನು ಮೈ ನೋವೆಂದ. ಆಮೇಲಿನ ಸೋಮವಾರವೂ ಅವಳು ತಯಾರಾದಳು; ಡಾಕ್ಟರೇ ಫೋನು ಮಾಡಿ ಬರುವ ವಾರ ಬನ್ನಿ ಅಂದಿದ್ದಾರೆ ಎಂದ. ಅಕ್ಕ ಎಲ್ಲಾದರೂ ಮದುವೆಗೋ ದೇವರಿಗೋ ಹೋದ ದಿನ ಒಬ್ಬನೇ ಹೋಗಿಬಂದರಾಯಿತು ಎಂದು ಅವನ ಲೆಕ್ಕ. ಆಸ್ಪತ್ರೆಯಿಂದ ಬಂದ ಎರಡು ಕರೆಗಳನ್ನು ಅವನು ಎತ್ತಲಿಲ್ಲ. ಅವಳು ಎಲ್ಲಿಗೂ ಹೋಗಲಿಲ್ಲ. ತಮ್ಮನಿಗೆ ಹುಷಾರಿಲ್ಲದಿರುವಾಗ ಅವಳು ಎಲ್ಲಿಗೆ ಹೋದಾಳು?

ಆ ವಾರಗಳಲ್ಲಿ ಗೋಡೆಯ ಆಚೆ ಮತ್ತೆ ಸಣ್ಣ ಸದ್ದು ಕೇಳತೊಡಗಿತು. ಮಡಿಕೆಗಳಲ್ಲಿ ಅಡಗಿ ಉಳಿದವರು, ಊಟದೊಡನೆ ಹೊಸದಾಗಿ ಬಂದವರು, ಒಬ್ಬೊಬ್ಬರಾಗಿ ಮನೆ ಹೂಡಿದರು. ನನಗೆ ಸಂತೋಷವೇ ಆಗಬೇಕಿತ್ತು. ಅವರು ಬಂದು ತಮ್ಮ ಹಳೆಯ ಪಾಲಿಗೆ ಕೈ ಹಾಕಿದರು. ಗೋಡೆ ಮಾಯ್ದು ಬಾಗಿಲು ಕಾಯುವವರೂ ಕೆಲಸಕ್ಕೆ ಬಂದರು. ನನಗೆಂದು ಬರುತ್ತಿದ್ದ ಔಷಧ ದಿನದಿನಕ್ಕೆ ತೆಳುವಾಯಿತು. ಒಂದು ಬೆಳಿಗ್ಗೆ ಒಬ್ಬ ಕಾವಲುಗಾರ ಕಣ್ಣು ಬಿಟ್ಟು ನನ್ನ ಬಾಗಿಲಿಗೆ ಬಂದ.

"ನೀ ಯಾರ ಪೈಕಿ?"

ಉತ್ತರ ಕೊಡಲು ನನ್ನ ಹತ್ತಿರ ಏನಿತ್ತು? ಅಕ್ಕನ ಪೈಕಿ ಎಂದರೆ ಅವನಿಗೆ ತಿಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಹತ್ತು ಜನ, ಮರುದಿನಕ್ಕೆ ಸಾವಿರ. ನಾನು ಬಾತುಕೊಂಡೆ, ಉರಿದೆ. ನಾಲ್ಕನೆಯ ಸೋಮವಾರ ಮಾಗುಂಡಪ್ಪನಿಗೆ ಜ್ವರ, ಹೊಟ್ಟೆಯ ಬಲಕ್ಕೆ ನೋವು, ಮತ್ತೆ ಬಾತ ಮುಖ. ಆಸ್ಪತ್ರೆಯಲ್ಲಿ ನನ್ನೊಳಗಿಂದ ಸೂಜಿಯಿಂದ ಒಂದು ಚೂರು ತೆಗೆದು ನೋಡಿ, ಮೂರು ದಿನ ದೊಡ್ಡ ಇಂಜೆಕ್ಷನ್ ಹಾಕಿ ಕಾವಲುಗಾರರನ್ನು ಮತ್ತೆ ಮಲಗಿಸಿದರು. ನಾನು ಉಳಿದೆ. ಆದರೆ ಬೆಂಕಿ ಬಿದ್ದ ಮನೆ ಉಳಿಯುವ ಹಾಗೆ ಉಳಿದೆ. ಅರ್ಧ ಕೋಣೆಗಳಲ್ಲಿ ಗಾಯದ ಕಲೆ, ಕೆಲಸವಿಲ್ಲ.

ಡಾಕ್ಟರ್ ರೇವತಿ ಮಂಚದ ಪಕ್ಕಕ್ಕೆ ಬಂದು ನಿಂತರು. "ಸೋಮವಾರ ಬರ್ರಿ ಅಂದಿದ್ದೆ," ಎಂದರು, ಅಷ್ಟೇ. ಅವನು ಗೋಡೆಯ ಕಡೆ ಹೊರಳಿದ.

ಆಮೇಲೆ ನಾಲ್ಕು ವರ್ಷ ದುಡಿದೆ. ದುಡಿದೆ ಎನ್ನುವುದಕ್ಕಿಂತ ತೆವಳಿದೆ ಎನ್ನಬೇಕು. ಇಬ್ಬರ ಕೆಲಸವನ್ನು ಒಬ್ಬನೇ ಮಾಡಬೇಕಾದವನು ಅರ್ಧವಾಗಿದ್ದೆ. ಪ್ರತಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಅಂಕಿ ಸ್ವಲ್ಪ ಸ್ವಲ್ಪ ಏರಿತು. ಅದು ಏರಿದಷ್ಟೂ ನಾನು ಇಳಿದಿದ್ದೇನೆ ಎಂದು ಅರ್ಥ. ಅಕ್ಕ ಉಪ್ಪು ಬಿಟ್ಟಳು. ತಮ್ಮನಿಗೆ ಸಪ್ಪೆ ಹಾಕಿ ತಾನು ಉಪ್ಪಿನದು ಉಣ್ಣಲು ಅವಳಿಗೆ ಮನಸ್ಸು ಬರಲಿಲ್ಲ. ಕಾಶೀಬಾಯಿಯಂತೂ ಅಂದಿನಿಂದ ನಮ್ಮ ಮನೆಗೆ ಏನನ್ನೂ ತರಲು ಹೆದರುತ್ತಿದ್ದರು. ಬಾಗಿಲಲ್ಲಿ ನಿಂತು, "ಗಂಜಿ ಕುಡಿಯಾಕ ನಡೀತೈತೇನು, ಡಾಕ್ಟ್ರಿಗೆ ಕೇಳೀರೇನು?" ಎಂದು ಕೇಳಿ ಆಮೇಲೆ ಒಳಗೆ ಬರುತ್ತಿದ್ದರು.

ಕಡೆಗೊಂದು ದಿನ ಡಾಕ್ಟರು ಇಬ್ಬರನ್ನೂ ಕೂಡಿಸಿ, ಮತ್ತೆ ಡಯಾಲಿಸಿಸ್ ಶುರು ಮಾಡಬೇಕು ಎಂದರು. ಅಕ್ಕ ಕುರ್ಚಿಯ ಅಂಚಿಗೆ ಸರಿದಳು.

"ಹಂಗಾರ ಅದನ್ನ ತಗದ ಒಗೀತೀರೇನ್ರಿ?"

"ಇಲ್ರಿ. ತ್ರಾಸ ಕೊಡಲಿಲ್ಲಂದ್ರ ಅಲ್ಲೇ ಬಿಡ್ತೇವಿ. ಗುಳಿಗಿ ಅಷ್ಟ ನಿಧಾನಕ್ಕ ಇಳಸ್ಕೋತ ಹೋಗ್ತೇವಿ."

"ಇನ್ನೊಂದ ನಂದೈತಲ್ರಿ," ಎಂದಳು ಅಕ್ಕ. ತಮಾಷೆಗಲ್ಲ. ಡಾಕ್ಟರು ತಲೆ ಅಲ್ಲಾಡಿಸಿದರು. ಅವರ ಕಣ್ಣಿನಲ್ಲಿ ನೀರಿತ್ತೆಂದು ಆಮೇಲೆ ಅಕ್ಕ ಹೇಳಿದಳು. ತೀರಿಕೊಂಡವರಿಂದ ಸಿಗುವ ಮೂತ್ರಪಿಂಡಕ್ಕೆ ಸಾಲಿನಲ್ಲಿ ಅವನ ಹೆಸರು ಬರೆಸಿದರು. ಉದ್ದ ಸಾಲು.

ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುಳಗಿ ನೀ ಹೊಳ್ಳಿ ನುಂಗಿದ್ದಿ ಅಂತ ಡಾಕ್ಟ್ರಿಗೆ ಹೇಳಿದ್ಯಲ್ಲ, ನನಗ ಗೊತ್ತೈತಿ. ಆ ಸಣ್ಣ ಡಾಕ್ಟ್ರು ಕೇಳಿದಾಗ ನಾ ಕಿಡಕಿ ಹತ್ರ ಇದ್ನಿ. ಕಿವಿ ಅಲ್ಲೆ ಇತ್ತು. ಆಮ್ಯಾಲ ಸಿಸ್ಟರ್‌ಗೆ ಕೇಳಿ ತಿಳಕೊಂಡ್ನಿ."

"ನಾಕ ವರ್ಷದಿಂದ ಗೊತ್ತೈತೆ?"

"ಹೂಂ."

"ಮತ್ಯಾಕ ಅನ್ನಲಿಲ್ಲ?"

"ನೀ ಅಷ್ಟ ತ್ರಾಸ ತಗೊಂಡ ಮುಚ್ಚಾಕತ್ತಿದ್ದಿ. ಹ್ಯಾಂಗ ತೆಗೀಲಿ?"

ಮಾಗುಂಡಪ್ಪನ ರಕ್ತ ಒಂದು ಕ್ಷಣ ನಿಂತು ಹರಿಯಿತು. ತಪ್ಪಿಸಿದ ಆ ಎರಡು ಸೋಮವಾರಗಳು ಅವನಿಗೆ ನೆನಪಾದವು. ಅವಳಿಗೆ ಮೊದಲ ಸೋಮವಾರವೇ ಗೊತ್ತಾಗಿತ್ತೆಂದರೆ, ಉಳಿದ ಸೋಮವಾರಗಳು ಯಾತಕ್ಕೆ ಹೋದವು? ಯಾರಿಂದ ಯಾರನ್ನು ಕಾಪಾಡಲು? ಅದನ್ನು ಅವನು ಹೇಳುವ ಮೊದಲೇ ಬಸ್ಸು ಬಂತು.

ಈಗ ನನಗೆ ವಯಸ್ಸಾಗಿದೆ ಎನ್ನಬಹುದು. ನನ್ನನ್ನು ಯಾರೂ ಹೊರಗೆ ಎಸೆಯಲಿಲ್ಲ. ಹೊಟ್ಟೆಯ ಬಲ ಮೂಲೆಯಲ್ಲಿ, ಒಣಗಿದ ನೆಲ್ಲಿಕಾಯಿಯಂತೆ ಸುಕ್ಕುಗಟ್ಟುತ್ತ ಕುಳಿತಿದ್ದೇನೆ. ಗುಳಿಗೆಗಳು ಕಡಿಮೆಯಾಗುತ್ತಿವೆ. ನೆರೆಯವರು ತಮ್ಮ ರೊಟ್ಟಿಯ ನಾರು ತಿಂದುಕೊಂಡು ಗದ್ದಲ ಮಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿದ್ದಾಗ ಒಂದು ಅಳತೆ ಬೇಕಿತ್ತು, ಇಲ್ಲದಾಗ ಇನ್ನೊಂದು. ಅವರು ನನ್ನ ಪಕ್ಕದಲ್ಲಿದ್ದಾರೆ ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಡಾಕ್ಟರಿಗೂ ಅರ್ಧವಷ್ಟೇ ಗೊತ್ತಿತ್ತು.

ನಾನು ದಿನಕ್ಕೆ ಚಮಚದಷ್ಟು ಸೋಸುತ್ತಿದ್ದೆ. ಮಾಗುಂಡಪ್ಪ ಹಿತ್ತಲಿನಿಂದ ಬಂದು, "ಅಕ್ಕಾ, ಇವತ್ತೂ ಸ್ವಲ್ಪ ಬಂತು," ಎನ್ನುತ್ತಿದ್ದ. ಮಗ್ಗದಿಂದ ಅವಳು, "ಹೌದಾ? ಚಲೋ ಆತು," ಎನ್ನುತ್ತಿದ್ದಳು. ನಾನು ಏನೂ ಕೊಡದ ದಿನವೂ ಅವನು ಹಾಗೆಯೇ ಹೇಳುತ್ತಿದ್ದ.

ಮೊನ್ನೆ ಮಧ್ಯಾಹ್ನ ಅವನು ಬಂದು ಅವಳ ಮಗ್ಗದ ಅಂಚಿಗೆ ಕುಳಿತ.

"ಇವತ್ತ ಏನೂ ಬರಲಿಲ್ಲಕ್ಕಾ. ನಿನ್ನೀನೂ ಬಂದಿಲ್ಲ. ಎಂಟ ದಿನ ಆತು."

ಲಾಳಿಯ ಸದ್ದು ನಿಂತಿತು. "ಇರಲಿ ಬಿಡು. ದಣದೈತಿ ಅದು. ಎಷ್ಟಂತ ದುಡೀಬೇಕು?"

"ಇನ್ನೊಂದ ಹೇಳೂದೈತಿ. ಆವಾಗ ರಕ್ತ ಕೊಡಾಕ ತಡಾ ಆತಲ್ಲ. ಮೈ ನೋವೂ ಇರಲಿಲ್ಲ, ಡಾಕ್ಟ್ರು ಫೋನೂ ಮಾಡಿರಲಿಲ್ಲ. ನೀ ಸಂಗಾಟ ಬಂದ್ರ ನಿನಗ ಗೊತ್ತಾಕ್ಕೈತಂತ ನಾನ ತಪ್ಪಿಸಿದ್ನಿ. ವೇಳ್ಯಾಕ್ಕ ಹೋಗಿದ್ರ ಡೋಸ್ ಏರಸ್ತಿದ್ರು. ಅದು ಉಳೀತಿತ್ತು."

ಅಕ್ಕ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡಳು. ಬೀದಿಯಲ್ಲಿ ಯಾವುದೋ ಮಗ್ಗ ಮಾತ್ರ ನಡೆಯುತ್ತಿತ್ತು. ಅವನು ತಲೆ ಬಗ್ಗಿಸಿ ಕುಳಿತಿದ್ದ. ನನಗೆ ಅವನ ರಕ್ತದ ಒಂದೊಂದು ಬಡಿತವೂ ಕೇಳುತ್ತಿತ್ತು.

"ಹಂಗಾರ ಇಬ್ಬರ ಕೈಲೆ ಆತು ಅನ್ನು," ಎಂದಳು ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ತಲೆಯ ಮೇಲಿನ ಹೊರೆಗೆ ಇನ್ನೊಬ್ಬರು ಕೈ ಕೊಟ್ಟಾಗ ಬರುವ ಉಸಿರು ಅದು. "ನಾನೊಬ್ಬಾಕೀನ ಹೊತಗೊಂಡ ತಿರಗಾಕತ್ತಿದ್ನೆಪಾ."

ಅವಳು ಕುಣಿಯೊಳಗಿಂದ ಕಾಲು ತೆಗೆದು ಅವನ ಪಕ್ಕಕ್ಕೆ ಸರಿದು ಕುಳಿತಳು. ಅವನು ಅವಳ ಹೆಗಲಿಗೆ ಒರಗಿದ. ಹೊಟ್ಟೆಯ ಬಲಭಾಗ ಅವಳ ಎಡ ಬೆನ್ನಿಗೆ ತಾಗಿತು. ಅಲ್ಲಿ, ಮೊದಲು ನಾನಿದ್ದ ಜಾಗದಲ್ಲಿ, ಬೆಚ್ಚಗಿತ್ತು.